ಎರಡು ಸಾವಿರ ರೂಪಾಯಿಯಲ್ಲಿ ವೇಗಸ್ ಹಿಡಿದದ್ದು

ಕಪ್ಪೆ ಪ್ರಯೋಗ ನಿಂತ ಮೇಲೆ ನಮ್ಮ ಫಿಸಿಯಾಲಜಿ ಲ್ಯಾಬ್‌ನಲ್ಲಿ, ಮೆದುಳಿನಿಂದ ಇಳಿದು ಹೃದಯದ ಬಡಿತ ತಗ್ಗಿಸುವ ವೇಗಸ್ ನರ ಅಂದರೆ ಬೋರ್ಡಿನ ಮೇಲೊಂದು ಗೆರೆ, ಅಷ್ಟೇ. ಮಕ್ಕಳು ಬಾಯಿಪಾಠ ಮಾಡಿ ವೈವಾದಲ್ಲಿ ಒಪ್ಪಿಸುತ್ತಿದ್ದರು, ಮರೆಯುತ್ತಿದ್ದರು. ಎದುರಿಗೆ ಕೂತ ಮನುಷ್ಯನ ಹೃದಯದ ಮೇಲೆ ಅದು ಕೆಲಸ ಮಾಡೋದನ್ನು ತೋರಿಸಬೇಕು ಅಂತ ನನಗೆ ಹಟ. ರೆಡಿಮೇಡ್ ಸಿಸ್ಟಂಗೆ ಕೊಟೇಶನ್ ತರಿಸಿದೆವು. ಆರು ಲಕ್ಷದ ಹತ್ತಿರ ಬಂತು, ಫೈಲು ಅಲ್ಲೇ ಮಲಗಿತು. ಇಸಿಜಿ ಹಿಡಿಯುವ ಎಡಿ 8232 ಮಾಡ್ಯೂಲ್ ಮತ್ತು ಆರ್ಡುಯಿನೋ ನ್ಯಾನೋ ಅನ್ನೋ ಪುಟ್ಟ ಪ್ರೋಗ್ರಾಂ ಬೋರ್ಡ್ ಇಟ್ಟುಕೊಂಡು ಮಾಡುತ್ತೇನೆ ಅಂದಾಗ ವಿಭಾಗದ ಹಿರಿಯರೊಬ್ಬರು, "ಆಟಿಕೆ ತಗೊಂಡು ಅಟಾನಮಿಕ್ ಟೆಸ್ಟ್ ಮಾಡ್ತಾರಂತೆ" ಎಂದು ನಕ್ಕರು. ಅಟಾನಮಿಕ್ ಅಂದರೆ ನಮ್ಮ ಹಿಡಿತಕ್ಕೆ ಸಿಗದೆ ತಾನೇ ನಡೆಯುವ ನರವ್ಯೂಹ, ವೇಗಸ್ ಅದರ ಭಾಗ.

ಮೊದಲ ತಿಂಗಳು ಅವರ ಮಾತೇ ನಿಜವಾಯಿತು. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್‌ಪಿ ರೋಡಿನಿಂದ ತಂದ ಮೊದಲ ಮಾಡ್ಯೂಲನ್ನು 3.3 ಬಿಟ್ಟು 5 ವೋಲ್ಟಿಗೆ ಸಿಕ್ಕಿಸಿ ಸುಟ್ಟೆ. ಹೋಯಿತು 550 ರೂಪಾಯಿ. ಎರಡನೆಯದರಲ್ಲಿ ಇಸಿಜಿ ಬಂತು, ಆದರೆ ಹುಲ್ಲು ಬೆಳೆದ ಹಾಗೆ ಮನೆ ಕರೆಂಟಿನ 50 ಹರ್ಟ್ಸ್ ಗದ್ದಲ. ಫಿಲ್ಟರ್ ಕೋಡ್ ಬರೆಯುತ್ತಾ ಹದಿನೈದು ದಿನ ಕಳೆದೆ. ಮದ್ದು ಇಷ್ಟೇ ಇತ್ತು: ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸೋದು. ಮೈಗೆ ವೈರ್ ಹಚ್ಚಿಕೊಂಡವರ ಕ್ಷೇಮಕ್ಕೂ ಅದೇ ಸರಿ.

ಆಮೇಲೆ ಬಂತು ನಿಜವಾದ ಪೀಡೆ. ಯಾರನ್ನು ಕೂರಿಸಿದರೂ ಹೃದಯ ಬಡಿತ ನಿಮಿಷಕ್ಕೆ 94, 95. ಕೈಹಿಡಿದು ನಾಡಿ ಎಣಿಸಿದರೆ 72. ಮಕ್ಕಳು ಹೆದರಿದ್ದಾರೆ, ಬಡಿತ ಏರಿಸುವ ಸಿಂಪಥೆಟಿಕ್ ನರದ ಕೆಲಸ ಜಾಸ್ತಿ ಆಗಿದೆ ಅಂತ ನಾನೇ ವ್ಯಾಖ್ಯಾನ ಕೊಟ್ಟುಬಿಟ್ಟೆ, ನಾಚಿಕೆಗೇಡು. ತಪ್ಪು ಬಾಡ್ ರೇಟಿನಲ್ಲಿ, ಅಂದರೆ ಬೋರ್ಡು ಲ್ಯಾಪ್‌ಟಾಪಿಗೆ ಅಳತೆ ಕಳಿಸುವ ವೇಗದಲ್ಲಿತ್ತು. ಸೆಕೆಂಡಿಗೆ 250 ಸ್ಯಾಂಪಲ್ ಅಂದುಕೊಂಡಿದ್ದೆ. 9600ರಲ್ಲಿ ಸಾಲಿಗೆ ಐದು ಅಕ್ಷರದ ಹಾಗೆ ಕಳಿಸಿದರೆ 192 ಮಾತ್ರ ದಾಟುತ್ತವೆ. ಸ್ಯಾಂಪಲ್ ಎಣಿಸಿ ಕಾಲ ಲೆಕ್ಕ ಹಾಕುತ್ತಿದ್ದರಿಂದ ಎಲ್ಲರ ಹೃದಯವೂ ಓಡುತ್ತಿತ್ತು. 115200ಕ್ಕೆ ಏರಿಸಿದೆ, 72 ಅಂದರೆ 72 ಬಂತು.

ಇಸಿಜಿಯಲ್ಲಿ ಪ್ರತಿ ಬಡಿತಕ್ಕೆ ಒಂದು ಚೂಪು ಆರ್ ಶಿಖರ, ಅದರ ಹಿಂದೆಯೇ ಟಿ ಅಲೆ. ಆ ಟಿ ಅಲೆಯನ್ನೂ ಬಡಿತ ಅಂತ ಎಣಿಸುವ ಕಾಟ ನಿಮಗೂ ಬಂದೀತು. ಒಂದು ಆರ್ ಸಿಕ್ಕ ಮೇಲೆ 300 ಮಿಲಿಸೆಕೆಂಡ್ ಕೋಡಿನ ಕಣ್ಣು ಮುಚ್ಚಿಸಿಡಿ. ಆಸ್ಪತ್ರೆಯ ಇಸಿಜಿ ಪೇಪರಿನ ಜೊತೆ ಸ್ಕೇಲ್ ಇಟ್ಟು ತಾಳೆ ನೋಡಿದೆ. ಅಲ್ಲಿ ಒಂದು ಮಿಲಿಮೀಟರ್ ಅಂದರೆ 40 ಮಿಲಿಸೆಕೆಂಡ್, ಹಾಗಾಗಿ ನನ್ನ ಆಟಿಕೆಯೇ ಪೇಪರಿಗಿಂತ ಸಣ್ಣದಾಗಿ ಅಳೆಯುತ್ತಿತ್ತು! ಹಿರಿಯರು ಅವತ್ತು ನಗಲಿಲ್ಲ.

ಪರದೆ ಮೇಲೆ ಇಸಿಜಿ ತೋರಿಸೋದನ್ನೂ ಬಿಟ್ಟೆ. ಪ್ರತಿ ಬಡಿತಕ್ಕೆ ಒಂದು ಚುಕ್ಕೆ, ಎತ್ತರದಲ್ಲಿ ಆ ಕ್ಷಣದ ರೇಟ್, ಅಷ್ಟೇ ಸಾಕು. ಇನ್ನು ಉಸಿರಿನ ಟೆಸ್ಟ್: ಐದು ಸೆಕೆಂಡ್ ಒಳಗೆ, ಐದು ಸೆಕೆಂಡ್ ಹೊರಗೆ, ನಿಮಿಷಕ್ಕೆ ಆರು ಉಸಿರು. ಮೊಬೈಲ್ ಮೆಟ್ರೊನೋಮ್ ಹಾಕಿದಾಗ ಹುಡುಗರು ಊದುಬತ್ತಿ ಆರಿಸುವ ಹಾಗೆ ಉಸಿರಾಡಿ ತಲೆಸುತ್ತು ಅಂತ ಕೂತರು. ಈಗ ನಾನೇ ಎದುರು ನಿಂತು ಕೈಯನ್ನು ನಿಧಾನ ಏರಿಸಿ ಇಳಿಸುತ್ತೇನೆ. ಉಸಿರು ಎಳೆದಾಗ ಚುಕ್ಕೆ ಹತ್ತುತ್ತೆ, ಬಿಟ್ಟಾಗ ಇಳಿಯುತ್ತೆ. ಮೊದಲ ದಿನ ತರಗತಿಯಿಡೀ "ಓ" ಅಂತು. ಉಸಿರು ಎಳೆಯುವಾಗ ವೇಗಸ್ ಲಗಾಮು ಸಡಿಲ ಬಿಡುತ್ತೆ, ಬಿಡುವಾಗ ಬಿಗಿ ಹಿಡಿಯುತ್ತೆ. ಇದನ್ನು ಬೋರ್ಡಿನ ಮೇಲೆ ಹತ್ತು ವರ್ಷ ಹೇಳಿದ್ದೆ.

ಏರಿಳಿತದ ಅಂತರ ನಿಮಿಷಕ್ಕೆ 15 ಬಡಿತಕ್ಕಿಂತ ಜಾಸ್ತಿ ಇದ್ದರೆ ಚೆನ್ನ, 10 ಅಥವಾ ಕಡಿಮೆ ಇದ್ದರೆ ಯೋಚಿಸಬೇಕು. ನಮ್ಮ ಹತ್ತೊಂಬತ್ತರ ಹುಡುಗರಿಗೆ 22ರಿಂದ 28 ಬಂತು. ನಲವತ್ತೇಳರ ನನಗೆ 12, 13. ವಯಸ್ಸಾದಂತೆ ಇಳಿಯುತ್ತೆ ಅಂತ ಸಮಾಧಾನ ಮಾಡಿಕೊಂಡೆ. ನಮ್ಮ ಲ್ಯಾಬ್ ಅಟೆಂಡರ್ ಸುಮ್ನೆ ಕುತೂಹಲಕ್ಕೆ ಕೂತರು. ಹದಿನೆಂಟು ವರ್ಷದ ಸಕ್ಕರೆ ಕಾಯಿಲೆ. ಚುಕ್ಕೆಗಳು ದಾರ ಎಳೆದ ಹಾಗೆ ನೇರ ಹೋದವು, ಅಂತರ 4. ಕೂತಲ್ಲೇ ಬಡಿತ 96. ತರಗತಿ ಮುಗಿದ ಮೇಲೆ ಮತ್ತೆ ಮಾಡಿದೆ, ಹಾಗೇ ಬಂತು. ಅವತ್ತೇ ಮೆಡಿಸಿನ್ ಒಪಿಡಿಗೆ ಕರೆದುಕೊಂಡು ಹೋದೆ.

ಎದ್ದು ನಿಲ್ಲುವ ಟೆಸ್ಟ್ ಬಹಳ ಸತಾಯಿಸಿತು. ನಿಂತ ಮೇಲೆ ಹದಿನೈದನೇ ಬಡಿತದ ಸುಮಾರಿಗೆ ಓಟ, ಮೂವತ್ತನೆಯದರ ಹತ್ತಿರ ನಿಧಾನ ಸಿಗಬೇಕು. ನನಗೆ ಸಿಕ್ಕಿದ್ದು ವೈರ್ ಅಲುಗಿದ ಗುಡ್ಡಬೆಟ್ಟ. ಎಲೆಕ್ಟ್ರೋಡನ್ನು ಮಣಿಕಟ್ಟಿನಿಂದ ಕಾಲರ್ ಮೂಳೆಯ ಕೆಳಗೆ ತಂದೆ, ಅರ್ಧ ಸರಿಹೋಯಿತು. ಉಳಿದರ್ಧ ವೈರನ್ನು ಮೈಗೆ ಹೇಗೆ ಕಟ್ಟಬೇಕು ಅನ್ನೋದರಲ್ಲಿದೆ. ಅದನ್ನು ಮಾತ್ರ ಈಗ ಹೇಳೋದಿಲ್ಲ, ನಮ್ಮ ಮಕ್ಕಳ ಪ್ರಾಜೆಕ್ಟ್ ಮುಗಿಯಲಿ.

ನಡುವೆ ಹುಚ್ಚಾಟವೂ ನಡೆಯಿತು. ಐಸ್ ನೀರಿನ ಚೀಲ ಹಣೆ, ಕಣ್ಣಿನ ಮೇಲಿಟ್ಟು ಉಸಿರು ಹಿಡಿದ ಹುಡುಗಿಯೊಬ್ಬಳ ಬಡಿತ 80ರಿಂದ 58ಕ್ಕೆ ಬಂತು, ಎಲ್ಲರೂ ಸರದಿ ನಿಂತರು. ನೂರರಿಂದ ಏಳೇಳು ಕಳೆಯಿರಿ ಅಂದರೆ ಬಡಿತ ನಿಧಾನವಾಗಿ ಹತ್ತಿತು, ಲೆಕ್ಕ ನಿಲ್ಲಿಸಿದ ಮೇಲೂ ಇಳಿಯಲು ಹೊತ್ತು ತಗೊಂಡಿತು. ವೇಗಸ್ ಒಂದೆರಡು ಬಡಿತದಲ್ಲೇ ತಿಳಿಯುತ್ತೆ, ಸಿಂಪಥೆಟಿಕ್ ಎತ್ತಿನ ಗಾಡಿ. ಫಿಲ್ಟರ್ ಕಾಫಿ ಕುಡಿಸಿ ನೋಡಿದೆ, ಏನೂ ತಿಳಿಯಲಿಲ್ಲ, ಕಾಫಿ ಮಾತ್ರ ಖರ್ಚಾಯಿತು. ಎಲ್‌ಎಫ್, ಎಚ್‌ಎಫ್ ಅಂದರೆ ಬಡಿತದ ಏರಿಳಿತದ ನಿಧಾನ ಮತ್ತು ವೇಗದ ಅಲೆಗಳ ಅನುಪಾತ ಲೆಕ್ಕ ಹಾಕಿ ಅದನ್ನೇ ಸಿಂಪಥೆಟಿಕ್ ಸಮತೋಲನ ಅಂತ ಕರೆಯುವವರ ಹಿಂದೆ ಹೋಗಿ ಒಂದು ತಿಂಗಳು ಹಾಳು ಮಾಡಿಕೊಂಡೆ. ನೀವು ಹೋಗಬೇಡಿ. ಉಸಿರಿನ ವೇಗ ಬದಲಾದರೆ ಸಾಕು, ಅದು ಬೇರೆಯೇ ಕಥೆ ಹೇಳುತ್ತೆ.

ಒಟ್ಟು ಖರ್ಚು ಸುಟ್ಟದ್ದೂ ಸೇರಿ ಎರಡು ಸಾವಿರದ ಆಸುಪಾಸು. ಎಲೆಕ್ಟ್ರೋಡೇ ನಿಲ್ಲದ ಖರ್ಚು, ಒಂದಕ್ಕೆ ಎಂಟು ರೂಪಾಯಿ. ಪ್ಯಾಕೆಟ್ ಒಡೆದಿಟ್ಟರೆ ಜೆಲ್ ಒಣಗುತ್ತೆ, ಬಿಗಿಯಾಗಿ ಮುಚ್ಚಿಡಿ.

ಈಗ ವಲ್ಸಾಲ್ವಾಗೆ, ಅಂದರೆ ಒತ್ತಿ ಊದಿ ಹಿಡಿದು ಬಡಿತ ನೋಡುವ ಟೆಸ್ಟಿಗೆ, ಕೈ ಹಾಕಿದ್ದೇನೆ. ಹಳೆಯ ಬಿಪಿ ಉಪಕರಣದ ಟ್ಯೂಬಿಗೆ ಬಾಯಿಟ್ಟು 40 ಮಿಲಿಮೀಟರ್ ಪಾದರಸದ ಒತ್ತಡದಲ್ಲಿ 15 ಸೆಕೆಂಡ್ ಊದಿ ಹಿಡಿಯಬೇಕು. ಟ್ಯೂಬ್ ಎಲ್ಲೋ ಸೋರುತ್ತಿದೆ. ಅಟೆಂಡರ್ ನಾನೇ ಮೊದಲು ಅಂತ ಕಾಯುತ್ತಿದ್ದಾರೆ. ಸಕ್ಕರೆಯಿಂದ ಕಣ್ಣಿನ ರಕ್ತನಾಳ ಕೆಟ್ಟಿದ್ದರೆ ಹೀಗೆ ಊದೋದು ಅಪಾಯ, ಅಲ್ವಾ? ಮೊದಲು ಕಣ್ಣಿನ ಡಾಕ್ಟರ ಚೀಟಿ ತನ್ನಿ ಅಂದಿದ್ದೇನೆ. ಸೋಮವಾರ ಹೋಗುತ್ತಾರಂತೆ.