ಹಂಪಿಯ ಫೋಟೋದಲ್ಲಿ ಕಾಲುವೆಯೂ ಇರಲಿ

ಹಂಪಿಯಲ್ಲಿ ನಾನು ಗುಡಿಗಳಿಗಿಂತ ಗುಡಿಗಳ ನಡುವಿನ ಜಾಗದ ಫೋಟೋವನ್ನೇ ಹೆಚ್ಚು ತೆಗೆಯುತ್ತೇನೆ. ಕಲ್ಲಿನ ರಥ 50 ರೂಪಾಯಿ ನೋಟಿನ ಮೇಲೇ ಇದೆ, ಅದನ್ನು ಜನರಿಗೆ ಹೊಸದಾಗಿ ಪರಿಚಯಿಸಬೇಕಿಲ್ಲ. ‘ತುರ್ತು’ ಎಂಬ ಹೆಸರಿನ ಕಾಲುವೆಯ ಪಾಡು ಹಾಗಲ್ಲ. ವಿಜಯನಗರದ ಕಾಲದ ಈ ಕಾಲುವೆ ವಿರೂಪಾಕ್ಷ ಗುಡಿಗೂ ಅರಮನೆಯ ಆವರಣಕ್ಕೂ ನಡುವಿನ ಕಣಿವೆಗೆ ಇಂದಿಗೂ ನೀರುಣಿಸುತ್ತಿದೆ. ಬಂದವರ ಕಣ್ಣಿಗೆ ಅದು ಬರೀ ಬಾಳೆತೋಟ. ಆ ಹಸಿರೂ ರಾಜಧಾನಿಯ ಒಂದು ಅಂಗ ಎಂಬುದು ಫೋಟೋದಲ್ಲೇ ತಿಳಿಯಬೇಕು.

ಇದಕ್ಕೆ ಮಾತಂಗ ಬೆಟ್ಟವೇ ಸರಿಯಾದ ಜಾಗ. ಕತ್ತಲಿರುವಾಗ ಒಬ್ಬರೇ ಹತ್ತಬಾರದು. ಇಬ್ಬರಿರಬೇಕು, ಕೈಯಲ್ಲಿ ಟಾರ್ಚ್ ಇರಬೇಕು. ನೆತ್ತಿಯ ವೀರಭದ್ರನ ಗುಡಿಯ ಮಾಳಿಗೆ ಏರಿ ಫೋಟೋ ತೆಗೆಯುವ ಚಾಳಿಯಿದೆ, ನಾನು ಅದನ್ನು ಒಪ್ಪುವುದಿಲ್ಲ. ಕೆಳಗಿನ ಬಂಡೆಯಿಂದಲೂ ಅದೇ ನೋಟ ಸಿಗುತ್ತದೆ. ಎಲ್ಲರೂ ಸೂರ್ಯೋದಯದ ಕಡೆಗೆ ತಿರುಗಿರುವಾಗ ನಾನು ಅದಕ್ಕೆ ಬೆನ್ನು ಹಾಕಿ ನಿಲ್ಲುತ್ತೇನೆ. ಸೂರ್ಯ ಹುಟ್ಟಿದ 20 ನಿಮಿಷದಿಂದ ಒಂದು ಗಂಟೆಯವರೆಗೆ ಬಂಡೆಗಳ ನೆರಳು ಉದ್ದವಿದ್ದು, ಕಣಿವೆಯ ಏರಿಳಿತ ಸ್ಪಷ್ಟವಾಗುತ್ತದೆ. ಹತ್ತು ಗಂಟೆಯ ಮೇಲೆ ಎಲ್ಲ ಚಪ್ಪಟೆ.

ಯಾವ ತಿಂಗಳು ಎಂಬುದೂ ಮುಖ್ಯ. ಮಳೆ ತೊಳೆದ ಗಾಳಿಗಾಗಿ ಸೆಪ್ಟೆಂಬರ್‌ನಿಂದ ನವೆಂಬರ್ ಒಳ್ಳೆಯದು. ಆದರೆ ಬೆಟ್ಟದ ಬುಡದಲ್ಲಿರುವ ಅಚ್ಯುತರಾಯ ಗುಡಿ ಉತ್ತರಕ್ಕೆ ಮುಖ ಮಾಡಿದೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ಸರಿದಿರುವುದರಿಂದ ಅದರ ಮುಂಭಾಗ ನೆರಳಲ್ಲೇ ಉಳಿಯುತ್ತದೆ. ಅಲ್ಲಿಗೆ ಬೆಳಗಿನ ಬಿಸಿಲು ಬೀಳಬೇಕಾದರೆ ಮೇ, ಜೂನ್, ಜುಲೈ ಬರಬೇಕು.

ಅಗಲ ನೋಟದ 16 ಎಂಎಂ ಲೆನ್ಸ್ ಹಾಕಿದರೆ ಎಲ್ಲವೂ ಚೌಕಟ್ಟಿನೊಳಗೆ ಬರುತ್ತದೆ, ಆದರೆ ದೂರದ ಬೆಟ್ಟಗಳು ಕುಗ್ಗಿ ಗುಡ್ಡೆಗಳಂತಾಗುತ್ತವೆ. ಫುಲ್ ಫ್ರೇಮ್ (ದೊಡ್ಡ ಸೆನ್ಸರ್‌ನ) ಕ್ಯಾಮೆರಾದಲ್ಲಿ ನಾನು ಬಳಸುವುದು 50 ಎಂಎಂ. ಅಗಲ ಬೇಕಾದರೆ ಕ್ಯಾಮೆರಾವನ್ನು ಅಡ್ಡವಲ್ಲದೆ ನೆಟ್ಟಗೆ ಹಿಡಿದು ಐದಾರು ಫೋಟೋ ತೆಗೆದು ಜೋಡಿಸುತ್ತೇನೆ. ಪ್ರತಿ ಫೋಟೋದ ಮೂರನೇ ಒಂದು ಭಾಗ ಮುಂದಿನದರಲ್ಲೂ ಬರಬೇಕು. ಲೆನ್ಸಿನ ಕಿಂಡಿ ಎಫ್ 8, ಬೆಳಕಿನ ಸೂಕ್ಷ್ಮತೆ ಐಎಸ್‌ಒ 100 ಇಟ್ಟು, ಎಕ್ಸ್‌ಪೋಶರ್ (ಬೆಳಕಿನ ಪ್ರಮಾಣ), ವೈಟ್ ಬ್ಯಾಲೆನ್ಸ್ (ಬಣ್ಣದ ಹದ), ಫೋಕಸ್ ಮೂರನ್ನೂ ಮ್ಯಾನುವಲ್ ಮಾಡಬೇಕು. ಆಕಾಶದ ನೀಲಿಯನ್ನು ಗಾಢವಾಗಿಸುವ ಪೋಲರೈಸರ್ ಫಿಲ್ಟರ್ ಇದ್ದರೆ ತೆಗೆದಿಡಿ. ಅದರ ಪರಿಣಾಮ ಆಕಾಶದ ಎಲ್ಲ ದಿಕ್ಕಿಗೂ ಒಂದೇ ತೆರನಾಗಿರುವುದಿಲ್ಲ, ಜೋಡಿಸಿದಾಗ ನಡುವೆ ಕಪ್ಪು ಪಟ್ಟೆ ಬೀಳುತ್ತದೆ. ಸಂರಕ್ಷಿತ ಸ್ಮಾರಕಗಳ ಒಳಗೆ ಟ್ರೈಪಾಡ್‌ಗೂ ಡ್ರೋನ್‌ಗೂ ಮೊದಲೇ ಅನುಮತಿ ಪಡೆಯಬೇಕು.

ಜನರ ಮನಸ್ಸಿಗೆ ಹೆಚ್ಚು ತಟ್ಟುವುದು ಅಂದು–ಇಂದಿನ ಜೋಡಿ ಚಿತ್ರ. ಬ್ರಿಟಿಷ್ ಸೇನಾಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲೇ ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯನ್ನು ಸೆರೆಹಿಡಿದಿದ್ದರು. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅವೇ ಜಾಗಗಳನ್ನು ಹುಡುಕಿ ಮತ್ತೆ ಫೋಟೋ ತೆಗೆದರು. ಆ ದಾರಿಯಲ್ಲೇ ಮೂರನೆಯ ಸಲ ಹೋಗುವುದು ಕಷ್ಟವೇನಲ್ಲ, ತಾಳ್ಮೆ ಬೇಕು ಅಷ್ಟೆ.

ಹಳೆಯ ಚಿತ್ರದ ಎ4 ಪ್ರಿಂಟ್ ಜೊತೆಗಿರಲಿ. ಅದರಲ್ಲಿ ಹತ್ತಿರದ ಒಂದು ಅಂಚು, ಅದರ ಹಿಂದೆ ದೂರದ ಒಂದು ಅಂಚು ಒಂದೇ ಗೆರೆಗೆ ಬಂದಿರುವ ಕಡೆ ಗುರುತು ಹಾಕಿ. ಇಂಥ ಗುರುತು ಎಡಗಡೆ ಒಂದು, ಬಲಗಡೆ ಒಂದು ಬೇಕು. ಒಂದೇ ಇದ್ದರೆ ನಿಲ್ಲಬೇಕಾದ ಗೆರೆಯಷ್ಟೇ ಸಿಗುತ್ತದೆ. ಎರಡು ಗೆರೆ ಕೂಡುವಲ್ಲಿ ಜಾಗ ಸಿಗುತ್ತದೆ. ನಾವು ಬಲಕ್ಕೆ ಸರಿದರೆ ಹಿಂದಿನ ಬಂಡೆಯೂ ಮುಂದಿನದರ ಎದುರಿಗೆ ಬಲಕ್ಕೇ ಸರಿದಂತೆ ಕಾಣುತ್ತದೆ. ಹಾಗಾಗಿ ಹಿಂದಿನ ಬಂಡೆ ಬೇಕಾದ್ದಕ್ಕಿಂತ ಎಡಕ್ಕೆ ಇಣುಕುತ್ತಿದ್ದರೆ ಬಲಕ್ಕೆ ಸರಿಯಿರಿ. ಕ್ಯಾಮೆರಾದ ಎತ್ತರಕ್ಕೂ ಇದೇ ಲೆಕ್ಕ. ಗುರುತಿಗೆ ಮರವನ್ನು ನೆಚ್ಚಬೇಡಿ, ಕಂಬವನ್ನೂ ಪೂರ್ತಿ ನಂಬಬೇಡಿ. ದುರಸ್ತಿ ಮಾಡುವಾಗ ಅದನ್ನು ಎತ್ತಿ ನಿಲ್ಲಿಸಿರಬಹುದು. ಗುಂಡುಗಲ್ಲುಗಳು ಮಾತ್ರ ಇದ್ದಲ್ಲೇ ಇವೆ. ಜಾಗ ಖಚಿತವಾದ ಮೇಲೆ ಜೂಮ್ ಮುಟ್ಟಿ. ಮೊದಲೇ ಜೂಮ್ ಮಾಡಿ ಚೌಕಟ್ಟು ಹೊಂದಿಸಿಬಿಟ್ಟರೆ ಜಾಗ ತಪ್ಪಿದ್ದು ಗೊತ್ತಾಗುವುದೇ ಇಲ್ಲ. ಕೊನೆಗೆ ಜಿಪಿಎಸ್, ದಿಕ್ಕು, ಲೆನ್ಸ್, ನೆಲದಿಂದ ಕ್ಯಾಮೆರಾದ ಎತ್ತರ, ದಿನಾಂಕ, ಸಮಯ ಬರೆದಿಡಿ, ನಾಲ್ಕನೆಯ ಸಲ ಬರುವವರಿಗೆ ಬೇಕಾಗುತ್ತದೆ.

ಹಳೆಯ ಚಿತ್ರಗಳಲ್ಲಿ ಜನ ಕಾಣದಿರುವುದನ್ನು ನೋಡಿ ‘ಹಾಳು ಹಂಪಿ’ ಎನ್ನುವವರಿದ್ದಾರೆ. ಕಾಗದದ ನೆಗೆಟಿವ್‌ಗೆ ನಿಮಿಷಗಟ್ಟಲೆ ಬೆಳಕು ಬೇಕಿತ್ತು, ಅಷ್ಟರಲ್ಲಿ ನಡೆದು ಹೋದವರು ಅದರಲ್ಲಿ ಮೂಡುವುದೇ ಇಲ್ಲ. ಈ ಮಾತನ್ನು ಪ್ರತಿ ಜೋಡಿಯ ಕೆಳಗೂ ಬರೆಯುತ್ತೇನೆ. ಬೇಸಾಯದ ಊರನ್ನು ಬರೀ ಅವಶೇಷ ಎಂದು ತೋರಿಸಿದರೆ, ಅಲ್ಲಿ ಬದುಕುತ್ತಿರುವವರು ಅತಿಕ್ರಮಣಕಾರರಂತೆ ಕಾಣತೊಡಗುತ್ತಾರೆ.

ತೋರಿಸುವುದಕ್ಕೆ ಆರು ಜೋಡಿ ಸಾಕು. 12×18 ಇಂಚಿನ ಮ್ಯಾಟ್ ಪ್ರಿಂಟ್ ಹಾಕಿಸಿ. ಫ್ಲೆಕ್ಸ್ ಮೇಲೆ ಬೆಳಕು ಹೊಳೆದು ಚಿತ್ರ ಕಾಣುವುದಿಲ್ಲ. ಶಾಲೆಯ ಜಗಲಿಯಾದರೆ ಬಿಸಿಲು ಬೀಳದ ಗೋಡೆ ನೋಡಿ, ಮಕ್ಕಳ ಕಣ್ಣಿನ ಮಟ್ಟಕ್ಕೆ ತೂಗುಹಾಕಬೇಕು. ವಿವರಣೆ 25 ಪದ ಮೀರಬಾರದು: ಎಲ್ಲಿ ನಿಂತು ತೆಗೆದದ್ದು, ನೀರು ಯಾವ ಕಡೆಯಿಂದ ಬರುತ್ತದೆ, ಏನು ಬದಲಾಗಿದೆ. ಪ್ರತಿ ಚಿತ್ರದ ಕೆಳಗೆ ಖಾಲಿ ಹಾಳೆ, ದಾರದಲ್ಲಿ ಕಟ್ಟಿದ ಪೆನ್ಸಿಲ್. ಊರವರು ಗುಡಿಗಿಂತ ಮೊದಲು ಗುರುತಿಸುವುದು ತಮ್ಮ ಗದ್ದೆಯನ್ನು, ತೂಬನ್ನು. ಅವರು ಬರೆದ ಹೆಸರುಗಳನ್ನು ಇನ್ನೊಬ್ಬ ಹಿರಿಯರಲ್ಲಿ ಕೇಳಿ ನೋಡಿ, ಮುಂದಿನ ಪ್ರಿಂಟ್‌ನಲ್ಲಿ ಸೇರಿಸುತ್ತೇನೆ.

ಇದೇ ಚಿತ್ರಗಳನ್ನು ಯಾರು ಬೇಕಾದರೂ ಬಳಸಬಹುದಾದ ಚಿತ್ರಗಳ ಜಾಲತಾಣ ವಿಕಿಮೀಡಿಯ ಕಾಮನ್ಸ್‌ಗೆ ಹಾಕುವಾಗ ಕನ್ನಡದ ವಿವರಣೆಯೂ ಜೊತೆಗಿರುತ್ತದೆ. ಬಂಡೆಗಳ ಮೇಲೆ ಹಿಂದಿನವರು ಬರೆದ ಚಿತ್ರಗಳಿದ್ದು ಕಾವಲಿಲ್ಲದ ಕಡೆ ತೆಗೆದ ಫೋಟೋಗಳಿಂದ ಮಾತ್ರ, ಹಾಳುಮಾಡುವವರಿಗೆ ದಾರಿ ಸಿಗದಂತೆ, ಜಿಪಿಎಸ್ ವಿವರವನ್ನು ಅಳಿಸಿಯೇ ಹಾಕುತ್ತೇನೆ.