ಹಳೆ ಕಾರಿನ ಇಂಜಿನ್: ಬಿಚ್ಚಿ ಅಳೆದ ಮೇಲೆ ತೀರ್ಮಾನ

ನನ್ನ ಹಳೆಯ ಎಂಜಿಬಿ (ಬ್ರಿಟಿಷ್ ಸ್ಪೋರ್ಟ್ಸ್ ಕಾರು) ನೀಲಿ ಹೊಗೆ ಬಿಡತೊಡಗಿದಾಗ ಬಹಳ ಜನ ಹೇಳಿದ್ದು ಒಂದೇ ಮಾತು: ಬೇರೆ ಇಂಜಿನ್ ಕೂರಿಸಿಬಿಡಿ. ನಾನು ಒಪ್ಪಲಿಲ್ಲ. ಹೊಗೆ ನೋಡಿದ ಮಾತ್ರಕ್ಕೆ ಇಂಜಿನ್ ಮುಗಿಯಿತು ಅನ್ನಲು ಬರುವುದಿಲ್ಲ. ವಾಲ್ವ್ ಓಡಾಡುವ ಕೊಳವೆ, ಅಂದರೆ ವಾಲ್ವ್ ಗೈಡ್ ಸವೆದರೂ ನೀಲಿ ಹೊಗೆ ಬರುತ್ತದೆ, ಪಿಸ್ಟನ್ ಸುತ್ತಲಿನ ರಿಂಗ್ ಸವೆದರೂ ಬರುತ್ತದೆ. ಗೈಡ್ ಆದರೆ ಹೆಡ್ (ಇಂಜಿನ್ನಿನ ಮೇಲ್ಭಾಗ) ಕೆಲಸ ಮಾಡಿಸಿದರೆ ಸಾಕು, ಅಲ್ವಾ?

ಮೊದಲು ಗೇಜ್ ಹಾಕಿ ಕಂಪ್ರೆಶನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ ನೋಡಿದೆ. ಇಂಜಿನ್ ಬಿಸಿಯಿರಬೇಕು, ಪ್ಲಗ್ ಎಲ್ಲ ತೆಗೆದಿರಬೇಕು, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸ್ಟಾರ್ಟರ್ ತಿರುಗಿಸಬೇಕು. ಎರಡು ಸಿಲಿಂಡರ್‌ಗಳಲ್ಲಿ ಕಡಿಮೆ ಬಂತು. ಪ್ಲಗ್ ತೂತಿನಲ್ಲಿ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿದಾಗ ಮುಳ್ಳು ಮೇಲೇರಿತು. ಅಂದರೆ ಸೋರುತ್ತಿದ್ದುದು ರಿಂಗ್ ಕಡೆಯಿಂದ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ನೋಡಬೇಕಿತ್ತು. ಬಿಸಿಯಾದ ಮೇಲೆ ಆಯಿಲ್ ಪ್ರೆಶರ್ ಕೂಡ ಇಳಿಯುತ್ತಿತ್ತು. ಹಾಗಾಗಿ ಬೇರಿಂಗ್ ಮೇಲೂ ಅನುಮಾನ.

ಇಂಜಿನ್ ಇಳಿಸಿ ಪೂರ್ತಿ ಬಿಚ್ಚಿದೆ. ತೀರ್ಮಾನ ಹೇಳಬೇಕಾದ್ದು ಸಿಲಿಂಡರ್‌ಗಳಿರುವ ಬ್ಲಾಕ್. ಬೋರ್ ಗೇಜ್ ಹಿಡಿದು ಪ್ರತಿ ಸಿಲಿಂಡರ್ ಅನ್ನು ಮೇಲೆ, ನಡುವೆ, ಕೆಳಗೆ ಅಳೆದೆ, ಎರಡೂ ದಿಕ್ಕಿನಲ್ಲಿ. ಮೇಲಿನ ರಿಂಗ್ ಬಂದು ನಿಲ್ಲುವ ಜಾಗದಲ್ಲೇ ಸವೆತ ಜಾಸ್ತಿ. ಈ 1798 ಸಿಸಿ ಇಂಜಿನ್ನಿನ ಮೂಲ ಬೋರ್ (ಸಿಲಿಂಡರ್ ವ್ಯಾಸ) 80.26 ಮಿ.ಮೀ. ನನ್ನದರಲ್ಲಿ ಇನ್ನೂ ಮೂಲ ಅಳತೆಯ ಪಿಸ್ಟನ್‌ಗಳೇ ಇದ್ದವು. ಇದು ದೊಡ್ಡ ಸಮಾಧಾನ. 0.020 ಇಂಚು ಓವರ್‌ಸೈಜ್ ಮಾಡಿಸಿದರೂ, ಅಂದರೆ ಸಿಲಿಂಡರ್ ಅಷ್ಟು ಅಗಲ ಕೊರೆಸಿ ದೊಡ್ಡ ಪಿಸ್ಟನ್ ಹಾಕಿಸಿದರೂ, ಮುಂದೊಮ್ಮೆ 0.040ಕ್ಕೆ ಹೋಗಲು ಜಾಗ ಉಳಿಯುತ್ತದೆ. ಆಗಲೇ ಕೊನೆಯ ಓವರ್‌ಸೈಜ್ ಮುಟ್ಟಿದ ಬ್ಲಾಕ್ ಆಗಿದ್ದರೆ ಸಿಲಿಂಡರ್ ಒಳಗೆ ಸ್ಲೀವ್ (ಹೊಸ ಲೋಹದ ಕೊಳವೆ) ಹಾಕಿಸದೆ ದಾರಿಯಿರಲಿಲ್ಲ.

ಕ್ರ್ಯಾಂಕ್ ಜರ್ನಲ್‌ಗಳಲ್ಲಿ (ಕ್ರ್ಯಾಂಕ್ ಬೇರಿಂಗ್ ಒಳಗೆ ತಿರುಗುವ ಜಾಗಗಳು) ಉಗುರಿಗೆ ಸಿಗುವಷ್ಟು ಗೀರುಗಳಿದ್ದವು. 0.010 ಇಂಚು ಗ್ರೈಂಡ್ ಮಾಡಿದರೆ ಸಾಕು, ಆ ಅಳತೆಗೆ ಬೇರಿಂಗ್ ಸಿಗುತ್ತದೆ. ಬ್ಲಾಕ್, ಕ್ರ್ಯಾಂಕ್ ಎರಡರಲ್ಲೂ ಬಿರುಕಿಲ್ಲ ಅಂತ ಮ್ಯಾಗ್ನೆಟಿಕ್ ಪರೀಕ್ಷೆಯಲ್ಲಿ ಖಚಿತವಾದ ಮೇಲೆಯೇ ಪಿಸ್ಟನ್ ಕೊಂಡೆ. ಬೋರ್ ಮಾಡಿಸಿದ್ದು ಪಿಸ್ಟನ್ ಕೈಗೆ ಬಂದ ಮೇಲೆ. ಕೊರೆಯುವವರು ಒಂದೊಂದು ಪಿಸ್ಟನ್ ಅಳೆದು ಅದಕ್ಕೆ ತಕ್ಕ ಸಂದು ಬಿಡಬೇಕು.

ಅದೇ ಮಾದರಿಯ ಸೆಕೆಂಡ್ ಹ್ಯಾಂಡ್ ಇಂಜಿನ್ ತರಬಹುದಿತ್ತು. ಆದರೆ ಅದೂ ಅಷ್ಟೇ ಹಳೆಯದು. ನಂಬಬೇಕಾದರೆ ಅದನ್ನೂ ಬಿಚ್ಚಬೇಕು. ಹೊಸ ಕಾಲದ ಇಂಜಿನ್ ಆದರೆ ಮೌಂಟಿಂಗ್, ಗೇರ್‌ಬಾಕ್ಸ್, ರೇಡಿಯೇಟರ್, ವೈರಿಂಗ್ ಒಂದರ ಹಿಂದೆ ಒಂದು ಬದಲಾಗುತ್ತವೆ. ಶಕ್ತಿ ಹೆಚ್ಚಿದರೆ ಬ್ರೇಕ್ ಕೂಡ. ಕಾರಿನ ಜೊತೆಗೇ ಬಂದ ಇಂಜಿನ್ ನಂಬರ್ ಹೋದರೆ ಮತ್ತೆ ಬರುವುದಿಲ್ಲ. ಇದಂತೂ ನನಗೆ ತುಂಬಾ ಮುಖ್ಯ. ಕನೆಕ್ಟಿಂಗ್ ರಾಡ್ ಬ್ಲಾಕ್ ಒಡೆದುಕೊಂಡು ಹೊರಗೆ ಬಂದಿದ್ದರೆ ಮಾತ್ರ ಬೇರೆ ಇಂಜಿನ್ ಹುಡುಕುತ್ತಿದ್ದೆ.

ಹೆಡ್ ಹೇಗೂ ಬಿಚ್ಚಿತ್ತು. ಸೀಸ ಇಲ್ಲದ ಪೆಟ್ರೋಲ್‌ನಲ್ಲಿ ಸವೆಯದಿರಲಿ ಅಂತ ಎಕ್ಸಾಸ್ಟ್ ವಾಲ್ವ್‌ಗಳಿಗೆ ಗಟ್ಟಿ ಸೀಟ್ ಹಾಕಿಸಿದೆ. ವಾಲ್ವ್ ತೆರೆಸುವ ಕ್ಯಾಮ್, ಟ್ಯಾಪೆಟ್ ಎರಡೂ ಹೊಸವು, ಒಂದಕ್ಕೊಂದು ಹೊಂದಿಕೊಳ್ಳಬೇಕು. ಹಾಗಾಗಿ ಮೊದಲ ಸಲ ಸ್ಟಾರ್ಟ್ ಆದಾಗ ಸುಮ್ನೆ ಐಡಲ್‌ನಲ್ಲಿ ಬಿಡಲಿಲ್ಲ. 2000 ಆರ್‌ಪಿಎಂ ಆಸುಪಾಸಿನಲ್ಲಿ 20 ನಿಮಿಷ ಓಡಿಸಿ, ಆಯಿಲ್ ಮತ್ತು ಫಿಲ್ಟರ್ ಬದಲಾಯಿಸಿದೆ.