ಟ್ಯಾಂಪಾಗೆ ಹೊರಟಿದ್ದೀರಾ? ಡಿಸ್ನಿ ಆಮೇಲೆ ನೋಡಿದರಾಯ್ತು

ರಜೆಗೆ ಬೆಂಗಳೂರಿಗೆ ಬಂದಾಗೆಲ್ಲ ಬಸವನಗುಡಿಯ ನಮ್ಮಕ್ಕನ ಮನೆಗೆ ಅಮೆರಿಕದ ಫ್ಲೋರಿಡಾದ ಟ್ಯಾಂಪಾಗೆ ಹೊರಟ ಹುಡುಗರು ಯಾರಾದರೂ ಸಲಹೆ ಕೇಳೋಕೆ ಬಂದೇ ಬರುತ್ತಾರೆ. ಸೋಷಿಯಲ್ ಸೆಕ್ಯುರಿಟಿ ನಂಬರು (ನಮ್ಮ ಆಧಾರ್ ನಂಬರಿನ ಥರದ್ದು), ಬ್ಯಾಂಕ್ ಖಾತೆ, ಡ್ರೈವಿಂಗ್ ಲೈಸೆನ್ಸು ಎಲ್ಲ ಆಫೀಸಿನವರೇ ಹೇಳಿಕೊಡುತ್ತಾರೆ, ಬೇಗ ಮುಗಿಸಿಕೊಳ್ಳಿ. ಕುಕ್ಕರಿನ ಗ್ಯಾಸ್ಕೆಟ್ ಒಂದೆರಡು ಜಾಸ್ತಿ ಇಟ್ಟುಕೊಳ್ಳಿ. ಅಷ್ಟೇ.

ಅಲ್ಲಿ ನಮ್ಮವರ ಬದುಕು ಹೇಗಿರುತ್ತೆ ಅಂದ್ರೆ, ವಾರವಿಡೀ ಆಫೀಸು, ಶನಿವಾರ ಇಂಡಿಯನ್ ಸ್ಟೋರು, ಭಾನುವಾರ ದೇವಸ್ಥಾನ. ಊರಿಂದ ಅಪ್ಪ ಅಮ್ಮ ಬಂದರೆ ಒರ್ಲಾಂಡೋದ ಡಿಸ್ನಿ. ವರ್ಷಗಟ್ಟಲೆ ಹೀಗೇ ಕಳೆದು, ‘ಈ ಊರಲ್ಲಿ ನೋಡೋಕೆ ಏನಿದೆ?’ ಅಂತ ಮೂಗು ಮುರಿಯುತ್ತೇವೆ. ಡೌನ್‌ಟೌನಿನ ಎದುರು, ಹಿಲ್ಸ್‌ಬರೋ ನದಿಯ ಆಚೆ ದಡದಲ್ಲಿ, ಬೆಳ್ಳಿ ಬಣ್ಣದ ಮಿನಾರುಗಳು ಕಣ್ಣಿಗೆ ಹೊಡೆಯುತ್ತಿರುತ್ತವೆ. ಮಸೀದಿ ಇರಬೇಕು ಅಂದುಕೊಂಡು ಕಾರು ಮುಂದಕ್ಕೆ ಓಡಿಸುವವರೇ ಜಾಸ್ತಿ.

ಅದು ಟ್ಯಾಂಪಾ ಬೇ ಹೋಟೆಲ್. ರೈಲ್ವೆ ಸಾಹುಕಾರ ಹೆನ್ರಿ ಪ್ಲಾಂಟ್ 1891ರಲ್ಲಿ ತೆರೆದದ್ದು. 500ಕ್ಕೂ ಹೆಚ್ಚು ಕೋಣೆ, ಆ ಕಾಲಕ್ಕೇ ಕರೆಂಟು, ಟೆಲಿಫೋನು, ಲಿಫ್ಟು. ಉತ್ತರದ ಚಳಿಗೆ ಹೆದರಿದ ಶ್ರೀಮಂತರು ಅವನದೇ ರೈಲು ಹತ್ತಿ ಬಂದು ಅವನದೇ ಹೋಟೆಲಲ್ಲಿ ದುಡ್ಡು ಖರ್ಚು ಮಾಡಬೇಕು, ಲೆಕ್ಕಾಚಾರ ಅದು. 1898ರಲ್ಲಿ ಕ್ಯೂಬಾಗೆ ಯುದ್ಧಕ್ಕೆ ಹೊರಟ ಸೇನೆಯ ಅಧಿಕಾರಿಗಳು ಇಲ್ಲೇ ಬೀಡುಬಿಟ್ಟಿದ್ದರು. ಮರುವರ್ಷ ಪ್ಲಾಂಟ್ ತೀರಿಕೊಂಡ. 1905ರಲ್ಲಿ ನಗರಾಡಳಿತ ಕೊಂಡುಕೊಂಡಿತು. 1930ರ ಸುಮಾರಿಗೆ ಹೋಟೆಲ್ ಮುಚ್ಚಿತು, ಆದರೆ ಕೆಡವಲಿಲ್ಲ ನೋಡಿ. 1933ರಲ್ಲಿ ಕಾಲೇಜು ಬಂತು, ಅದೇ ಈಗಿನ ಟ್ಯಾಂಪಾ ವಿಶ್ವವಿದ್ಯಾಲಯ. ಒಂದು ಭಾಗ ಮ್ಯೂಸಿಯಂ ಆಯ್ತು.

ವರಾಂಡದಲ್ಲಿ ಸುಮ್ನೆ ನಿಂತು ಮೇಲೆ ನೋಡಿ. ಕಂಬದಿಂದ ಕಂಬಕ್ಕೆ ಮರದ ಜಾಲಿ, ಕುದುರೆ ಲಾಳದ ಆಕಾರದ ಕಮಾನು. ನಮ್ಮ ಬೆಂಗಳೂರಿನ ಹಳೇ ಬಂಗಲೆಗಳ ಮಂಕಿ ಟಾಪ್, ಅಂದ್ರೆ ಕಿಟಕಿ ಬಾಗಿಲ ಮೇಲಿನ ಮರದ ಜಾಲಿಯ ಸೂರು, ನೆನಪಾಗಿ ಹೊಟ್ಟೆ ಉರಿಯುತ್ತೆ. ಅಂಥವು ಎಷ್ಟು ಅಪಾರ್ಟ್‌ಮೆಂಟ್ ಆಗಿಹೋದವೋ! ಹಾಗಂತ ಅಮೆರಿಕದವರು ಎಲ್ಲ ಉಳಿಸುತ್ತಾರೆ ಅಂತ ಭಾಷಣ ಬಿಗಿಯಬೇಡಿ. ಇದೇ ಪ್ಲಾಂಟ್ 1897ರಲ್ಲಿ ಫ್ಲೋರಿಡಾದ್ದೇ ಬೆಲೆಏರ್ ಅನ್ನೋ ಊರಲ್ಲಿ ತೆರೆದ ಇನ್ನೊಂದು ಹೋಟೆಲಿನ ಬಹುಪಾಲು 2015ರಲ್ಲಿ ಜೆಸಿಬಿ ಪಾಲಾಯಿತು.

ಮಕ್ಕಳನ್ನು ಚಿಕ್ಕವರಿದ್ದಾಗಲೇ ಕರೆದುಕೊಂಡು ಹೋಗಿ. ‘ಇಲ್ಲಿ ಮೊದಲು ಏನಿತ್ತು?’ ಅಂತ ಕೇಳುವ ಚಾಳಿ ನಮ್ಮ ಮಗಳಿಗೆ ಹತ್ತಿದ್ದು ಅಲ್ಲೇ. ಬೆಂಗಳೂರಿಗೆ ಬಂದರೂ ಬಿಡಲ್ಲ. ಫ್ರೀಡಂ ಪಾರ್ಕಿಗೆ ಉತ್ತರ ಸುಲಭ, ಸೆಂಟ್ರಲ್ ಜೈಲು. ಗಾಂಧಿ ಬಜಾರಿನ ಹತ್ತಿರ ಒಂದು ಹೊಸ ಕಟ್ಟಡ ತೋರಿಸಿ ಕೇಳಿದಳು. ನಾನು ಸೈಕಲ್ ಕಲಿತ ಬೀದಿ ಅದು. ಎಷ್ಟು ತಿಣುಕಿದರೂ ನೆನಪಾಗಲಿಲ್ಲ. ಟ್ಯಾಂಪಾದ ಇಸವಿಗಳು ಮಾತ್ರ ಬಾಯಿಪಾಠ.

ಹಾಗಾಗಿ ವಿಮಾನ ಹತ್ತುವ ಮೊದಲು ಅರಮನೆ ರಸ್ತೆಗೂ ಒಮ್ಮೆ ಹೋಗಿಬನ್ನಿ. ಅಲ್ಲಿನ ಮಾಣಿಕ್ಯವೇಲು ಮ್ಯಾನ್ಷನ್ 2009ರಿಂದ ನ್ಯಾಷನಲ್ ಗ್ಯಾಲರಿ ಆಫ್ ಮಾಡರ್ನ್ ಆರ್ಟ್ ಆಗಿದೆ. ಎದುರಿಗೇ ಓಡಾಡಿದರೂ ಒಳಗೆ ಹೋಗದವರು ನಮ್ಮಲ್ಲಿ ಎಷ್ಟು ಜನ, ಅಲ್ವಾ? ಸೋಮವಾರ ಮಾತ್ರ ಬೇಡ, ರಜೆ. ಟ್ಯಾಂಪಾದ ಮ್ಯೂಸಿಯಮ್ಮಿಗೂ ಸಾಮಾನ್ಯವಾಗಿ ಸೋಮವಾರವೇ ರಜೆ.